ಎಸಿಯ ಕೂಲಿಂಗ್ ಕಾಯಿಲ್ ಬದಲಾಯಿಸಿ ಮೂರನೇ ಬೇಸಿಗೆ: ಯಾವುದು ಹಾಕಿಸಿದೆವು, ಯಾಕೆ, ಈಗ ಹೇಗಿದೆ

ನಮ್ಮ ಮನೆ ಮಂಗಳೂರಲ್ಲಿ. ಎಸಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್, ಗ್ಯಾಸ್ ಆರ್32. ಇರುವುದು ಅತ್ತೆಯ ಕೋಣೆಯಲ್ಲಿ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ರಾತ್ರಿ ಪೂರ್ತಿ ಓಡುತ್ತದೆ. ಇದರ ಒಳಗಿನ ಯೂನಿಟ್‌ನ ಕೂಲಿಂಗ್ ಕಾಯಿಲ್, ಅಂದರೆ ಗ್ಯಾಸ್ ಹರಿದು ಗಾಳಿಯನ್ನು ತಣ್ಣಗೆ ಮಾಡುವ ಪೈಪಿನ ಸುರುಳಿ, ತೂತಾಗಿ ಬದಲಾಯಿಸಬೇಕಾಯಿತು. ಕಂಪನಿಯ ಅದೇ ಮಾಡೆಲ್‌ನ ತಾಮ್ರದ ಕಾಯಿಲ್ ಹಾಕಿಸಿದೆವು. ಈಗ ಮೂರನೇ ಬೇಸಿಗೆ ನಡೀತಾ ಇದೆ, ಇಲ್ಲಿಯವರೆಗೆ ಗ್ಯಾಸ್ ಮುಟ್ಟಿಲ್ಲ. ಹಾಕಿಸಿದ ವಾರದಲ್ಲೇ ವಿಮರ್ಶೆ ಬರೆದರೆ ಯಾವ ಕಾಯಿಲ್ ಆದರೂ ಚೆನ್ನಾಗೇ ಕಾಣುತ್ತದೆ. ಸಣ್ಣ ಲೀಕ್ ಇದ್ದರೆ ಅದು ಗೊತ್ತಾಗಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ಲಕ್ಷಣ ಹೇಳುತ್ತೇನೆ, ಯಾಕೆಂದರೆ ತುಂಬಾ ಮನೆಗಳಲ್ಲಿ ಇದು ಗೊತ್ತಾಗದೆ ದುಡ್ಡು ಹೋಗುತ್ತದೆ. ಕೋಣೆ ತಣ್ಣಗಾಗಲು ಜಾಸ್ತಿ ಹೊತ್ತು ಹಿಡಿಯತೊಡಗಿತು. ಫಿಲ್ಟರ್ ಚೊಕ್ಕವಾಗೇ ಇತ್ತು. ಮುಂದಿನ ಮುಚ್ಚಳ ಎತ್ತಿ ನೋಡಿದರೆ ಕಾಯಿಲ್‌ನ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಬಿಳಿ ಮಂಜು ಹಿಡಿದಿದೆ, ಉಳಿದ ಭಾಗ ಪೂರ್ತಿ ಒಣಗಿದೆ. ಹೊರಗಿನ ಯೂನಿಟ್‌ನ ಸಣ್ಣ ಪೈಪಿನ ವಾಲ್ವ್ ಮೇಲೂ ಮಂಜು. ಕಾಯಿಲ್ ಸರಿಯಿದ್ದರೆ ಎಲ್ಲಾ ಕಡೆ ಸಮನಾಗಿ ಬೆವರಬೇಕು. ಒಂದೇ ಮೂಲೆಯಲ್ಲಿ ಐಸ್ ಕಂಡರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು.

ರಿಪೇರಿಗೆ ಬಂದ ಹುಡುಗ, "ಗ್ಯಾಸ್ ಖಾಲಿ ಆಗಿದೆ ಅಕ್ಕ, ತುಂಬಿಸಿದ್ರೆ ಸರಿ ಆಗ್ತದೆ" ಅಂದ. ತುಂಬಿಸಿದ. ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಎಸಿಯ ಗ್ಯಾಸ್ ಖರ್ಚಾಗುವ ವಸ್ತುವೇ ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ, ಅಷ್ಟೇ. ಕಡಿಮೆಯಾಯಿತು ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಪ್ರತಿ ವರ್ಷ ಎರಡು ಮೂರು ಸಾವಿರ ರೂಪಾಯಿಯನ್ನು ಗಾಳಿಗೆ ಬಿಟ್ಟ ಹಾಗೆ. ಜತೆಗೆ, ಗ್ಯಾಸ್ ಕಡಿಮೆ ಇದ್ದಾಗ ಇನ್ವರ್ಟರ್ ಕಂಪ್ರೆಸರ್ ನಿಧಾನ ಆಗುವುದೇ ಇಲ್ಲ, ಪೂರ್ತಿ ವೇಗದಲ್ಲೇ ಓಡುತ್ತದೆ. ಕರೆಂಟ್ ಬಿಲ್ ಏರಿದ್ದು ಅದರಿಂದಲೇ.

ಎರಡನೇ ಸಲ ಬೇರೆ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವರು ವಯಸ್ಸಾದವರು, ಮಾತು ಕಮ್ಮಿ. ನೈಟ್ರೋಜನ್ ತುಂಬಿಸಿ, ಸೋಪಿನ ನೊರೆ ಹಚ್ಚಿ, ಮೊದಲು ಪೈಪುಗಳನ್ನು ಜೋಡಿಸುವ ಫ್ಲೇರ್ ನಟ್‌ಗಳನ್ನು ನೋಡಿದರು. ಅಲ್ಲಿ ಏನೂ ಇಲ್ಲ. ಆಮೇಲೆ ಒಳಗಿನ ಯೂನಿಟ್ ಬಿಚ್ಚಿದರು. ಕಾಯಿಲ್‌ನ ಪಕ್ಕದಲ್ಲಿ ಪೈಪು ತಿರುಗುವ ಯು-ಬೆಂಡ್‌ಗಳಿರುತ್ತವಲ್ಲ, ಅಲ್ಲೊಂದು ಕಡೆ ಎಣ್ಣೆಯ ಕಲೆ. ಗ್ಯಾಸ್ ಜತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತದೆ. ಹಾಗಾಗಿ ಎಣ್ಣೆ ಕಲೆ ಕಂಡ ಕಡೆ ಅನುಮಾನ ಪಡಲೇಬೇಕು. ನೊರೆ ಹಚ್ಚಿದಾಗ ಅಲ್ಲಿ ಸಣ್ಣ ಗುಳ್ಳೆ ಬಂತು. ಪೈಪಿನ ಸುತ್ತ ಇರುವ ತೆಳು ಅಲ್ಯೂಮಿನಿಯಂ ಹಾಳೆಗಳ, ಅಂದರೆ ಫಿನ್‌ಗಳ ನಡುವೆ ಇನ್ನೊಂದು ಕಡೆಯೂ ಗುಳ್ಳೆ, ಅದು ಬೆಂಕಿ ಹಿಡಿದು ಬೆಸೆಯಲು ಆಗದ ಜಾಗ.

ಯು-ಬೆಂಡ್‌ಗಳು ತಾಮ್ರದ ಬಣ್ಣದಲ್ಲೇ ಇರಲಿಲ್ಲ, ಕಪ್ಪಗೆ ಮಸಿ ಬಳಿದಂತಿದ್ದವು. ಮಂಗಳೂರು ಅಂದ ತಕ್ಷಣ ಎಲ್ಲರೂ ಕಡಲಿನ ಉಪ್ಪು ಗಾಳಿ ಅನ್ನುತ್ತಾರೆ. ಉಪ್ಪು ಗಾಳಿ ಹೆಚ್ಚಾಗಿ ತಿನ್ನುವುದು ಹೊರಗಿನ ಯೂನಿಟ್ಟನ್ನು. ಒಳಗೆ ತಾಮ್ರ ಹೀಗೆ ಕಪ್ಪಾಗಿದ್ದರೆ ಹೈಡ್ರೋಜನ್ ಸಲ್ಫೈಡ್ ಮೇಲೆ ಅನುಮಾನ ಪಡಬೇಕು, ಅಂದರೆ ಚರಂಡಿ ವಾಸನೆಯ ಅನಿಲ. ಮೆಕ್ಯಾನಿಕ್ ಎಸಿಯ ನೀರು ಹೋಗುವ ಪೈಪನ್ನು ಹಿಡಿದುಕೊಂಡು ಹೋಗಿ ನೋಡಿದರು. ಮನೆ ಕಟ್ಟುವಾಗಲೇ ಅದನ್ನು ನೇರವಾಗಿ ಬಾತ್‌ರೂಮಿನ ಕೊಳಕು ನೀರಿನ ಪೈಪಿಗೆ ಸೇರಿಸಿದ್ದರು. ನಡುವೆ ನೀರು ನಿಲ್ಲುವ ಟ್ರ್ಯಾಪ್ ಇಲ್ಲ. ಬೇಸಿಗೆಯಲ್ಲಾದರೆ ನೀರಾದರೂ ಹರಿಯುತ್ತಿರುತ್ತದೆ. ಎಸಿ ಆಫ್ ಇರುವ ತಿಂಗಳುಗಳಲ್ಲಿ ಆ ಪೈಪಿನಲ್ಲಿ ಚರಂಡಿಯ ಗಾಳಿ ಸೀದಾ ಕಾಯಿಲ್‌ಗೆ ಬರುತ್ತಿತ್ತು. ಅದೇ ಕೋಣೆಯಲ್ಲಿದ್ದ ಅತ್ತೆಯ ಬೆಳ್ಳಿಯ ಕುಂಕುಮ ಭರಣಿ ಎಷ್ಟು ತೊಳೆದರೂ ಬೇಗ ಕಪ್ಪಾಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ಸುತ್ತ ಇರುವವರು ಎಸಿ ಬೇಗ ಕೆಡುತ್ತದೆ ಅಂತ ದೂರುತ್ತಿದ್ದುದಕ್ಕೂ ಇಂಥದ್ದೇ ಅನಿಲ ಕಾರಣ ಅಂತ ಹೇಳುತ್ತಿದ್ದರು.

ಹೊಸ ಕಾಯಿಲ್ ಹುಡುಕುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ತಿಳಿದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನಾವು ಪೈಪನ್ನು ಅಲ್ಲಿಂದ ಬಿಡಿಸಿ ಹೊರಗಿನ ಗೋಡೆಗೆ ತಂದು, ಕೆಳಗೆ ತುಳಸಿ ಕಟ್ಟೆಯ ಪಕ್ಕ ಬಕೆಟ್‌ಗೆ ಬಿಟ್ಟೆವು. ಇದಕ್ಕಾದ ಖರ್ಚು ಕೆಲವು ನೂರು ರೂಪಾಯಿ. ಇದನ್ನು ಮಾಡದೆ ಎಷ್ಟೇ ಒಳ್ಳೆ ಕಾಯಿಲ್ ಹಾಕಿಸಿದ್ದರೂ ಅದಕ್ಕೂ ಅದೇ ಗತಿ ಆಗುತ್ತಿತ್ತು. ಕಾರಣ ಬೇರೆಯೂ ಇರಬಹುದು. ಹೊಸ ಪ್ಲೈವುಡ್ ವಾರ್ಡ್‌ರೋಬ್, ಅಂಟು, ಬಣ್ಣ, ವಿನೆಗರ್, ಕೆಲವು ಕ್ಲೀನಿಂಗ್ ದ್ರಾವಣಗಳಿಂದ ಬರುವ ಆವಿಯಲ್ಲಿ ಫಾರ್ಮಿಕ್ ಆಮ್ಲ, ಅಸಿಟಿಕ್ ಆಮ್ಲದ ಅಂಶ ಇರುತ್ತದೆ. ತೇವದ ಜತೆ ಸೇರಿ ಅದು ತಾಮ್ರದ ತೆಳು ಗೋಡೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸುರಂಗಗಳನ್ನು ಕೊರೆಯುತ್ತದೆ. ಅಮೆರಿಕದಲ್ಲಿ ಇದರ ಕಾಟ ಜಾಸ್ತಿಯಾಗಿಯೇ ಹಲವು ಕಂಪನಿಗಳು ಒಳಗಿನ ಕಾಯಿಲ್ ಅನ್ನು ಪೂರ್ತಿ ಅಲ್ಯೂಮಿನಿಯಂಗೆ ಬದಲಾಯಿಸಿದವು.

ಹಾಗಾದರೆ ನಾವೂ ಅಲ್ಯೂಮಿನಿಯಂ ತಗೋಬಹುದಿತ್ತಲ್ವಾ? ಯೋಚನೆ ಮಾಡಿದೆವು. ಬೇಡ ಅನ್ನಲು ಕಾರಣ ಎರಡು. ಕರಾವಳಿಯ ಉಪ್ಪು ಅಲ್ಯೂಮಿನಿಯಂ ಅನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಮೇಲಾಗಿ ಅದು ತಾಮ್ರದ ಪೈಪಿಗೆ ಸೇರುವ ಜಾಗದಲ್ಲಿ ತೇವ ನಿಂತರೆ ಎರಡು ಲೋಹಗಳ ನಡುವೆ ಸವೆತ ಶುರುವಾಗುತ್ತದೆ. ಆ ಜೋಡಣೆಯ ಮೇಲೆ ಗಟ್ಟಿ ಕವಚ ಇರಲೇಬೇಕು. ಎರಡನೆಯದು, ಲೀಕ್ ಆದರೆ ಅಲ್ಯೂಮಿನಿಯಂ ಬೆಸೆಯಬಲ್ಲವರು ನಮ್ಮ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಮ್ಮಲ್ಲಿ ಕಪ್ಪಾಗುವ ಕಾರಣವನ್ನೇ ತೆಗೆದಾಗಿತ್ತು, ಹಾಗಾಗಿ ತಾಮ್ರ ಸಾಕು ಅನ್ನಿಸಿತು. ಚರಂಡಿ ಅಥವಾ ಕೆರೆಯ ಅನಿಲವನ್ನು ತಪ್ಪಿಸಲು ಆಗದ ಮನೆಯಲ್ಲಿದ್ದರೆ ನಾನು ಅಲ್ಯೂಮಿನಿಯಂ ಕಡೆಗೇ ವಾಲುತ್ತಿದ್ದೆ.

ತಾಮ್ರದಲ್ಲೂ ನಮ್ಮ ಮುಂದೆ ಎರಡು ದಾರಿ ಇತ್ತು. ಒಂದು ಮಾರ್ಕೆಟ್ಟಿನ ಲೋಕಲ್ ಕಾಯಿಲ್, ಇನ್ನೊಂದು ಕಂಪನಿಯದ್ದೇ ಬಿಡಿಭಾಗ. ಲೋಕಲ್ ಕಾಯಿಲ್ ಸುಮಾರು ಅರ್ಧ ಬೆಲೆ. ಅಂಗಡಿಯವರು ತೋರಿಸಿದ್ದನ್ನು ಕೈಯಲ್ಲಿ ಹಿಡಿದು ನಮ್ಮ ಹಳೆಯದರ ಪಕ್ಕ ಇಟ್ಟು ನೋಡಿದೆ. ಉದ್ದ ಸರಿ ಇತ್ತು. ಮಡಿಕೆಯ ಕೋನ ಬೇರೆ. ಸ್ಪ್ಲಿಟ್ ಎಸಿಯ ಕಾಯಿಲ್ ಬ್ಲೋವರ್ ಸುತ್ತ ಬಾಗಿ ಕೂರಬೇಕು. ಮಡಿಕೆಗಳ ನಡುವೆ ಸಂದಿ ಬಿಟ್ಟರೆ ಗಾಳಿ ತಣ್ಣಗಾಗದೆ ಅಲ್ಲಿಂದಲೇ ನುಗ್ಗಿ ಬರುತ್ತದೆ. ನಮ್ಮದರಲ್ಲಿ ತೆಳು ಪೈಪು, ಅದರಲ್ಲಿ ದಪ್ಪದ್ದು. ಗ್ಯಾಸ್ ಎಷ್ಟು ದಾರಿಯಾಗಿ ಒಡೆದು ಹರಿಯುತ್ತದೆ ಅನ್ನುವುದೂ ಬೇರೆ. ಇದೆಲ್ಲಾ ಬದಲಾದರೆ ತುಂಬಬೇಕಾದ ಗ್ಯಾಸಿನ ಅಳತೆಯೂ ಬದಲಾಗುತ್ತದೆ, ಸ್ಟಿಕ್ಕರ್ ಮೇಲಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಇನ್ನೂ ಒಂದಿದೆ. ಕಾಯಿಲ್ ಸೆನ್ಸರ್ ತೂರಿಸುವ ಸಣ್ಣ ತಾಮ್ರದ ಕೊಳವೆಯೇ ಅದರಲ್ಲಿ ಇರಲಿಲ್ಲ. ಟೈ ಹಾಕಿ ಕಟ್ಟಿ ಕೊಡ್ತೇವೆ ಅಂದರು. ಇನ್ವರ್ಟರ್ ಎಸಿ ತನ್ನ ವೇಗ ಲೆಕ್ಕ ಹಾಕುವಾಗ ಆ ಸೆನ್ಸರ್ ಹೇಳಿದ್ದನ್ನೂ ನಂಬುತ್ತದೆ. ಕಟ್ಟಿದ್ದು ಸಡಿಲವಾದರೆ ಮೆಷಿನ್ ತಪ್ಪು ಲೆಕ್ಕದ ಮೇಲೆ ಓಡುತ್ತದೆ.

"ಬ್ಲೂ ಫಿನ್ ಇದೆ, ಲೀಕೇ ಆಗಲ್ಲ" ಅನ್ನುವ ಮಾತನ್ನು ನಂಬಬೇಡಿ. ನೀಲಿ ಲೇಪ ಇರುವುದು ಅಲ್ಯೂಮಿನಿಯಂ ಫಿನ್ ಮೇಲೆ. ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗಲು, ಫಿನ್ ಬೇಗ ಪುಡಿಯಾಗದಿರಲು ಅದು ಒಳ್ಳೆಯದು. ತೂತಾಗುವುದು ತಾಮ್ರದ ಪೈಪು. ಯು-ಬೆಂಡ್‌ಗಳ ಮೇಲೂ ಲೇಪ ಇದೆಯಾ ಅಂತ ಕಾಯಿಲ್ ತಿರುಗಿಸಿ ಪಕ್ಕದಿಂದ ನೋಡಿ. ನಾವು ತಗೊಂಡ ಕಂಪನಿಯ ಕಾಯಿಲ್‌ನಲ್ಲಿ ಬೆಂಡ್‌ಗಳಿಗೂ ಬಣ್ಣದಂಥ ಲೇಪ ಇತ್ತು. ಹಳೆಯದರಲ್ಲಿ ಇರಲಿಲ್ಲ.

ಕಂಪನಿಯ ಕಾಯಿಲ್ ತರಿಸುವುದು ಸುಲಭವಾಗಿರಲಿಲ್ಲ. ಸರ್ವಿಸ್ ಸೆಂಟರ್‌ನವರು ಮೊದಲು ಇಡೀ ಇಂಡೋರ್ ಯೂನಿಟ್ಟೇ ತಗೊಳ್ಳಿ ಅಂದರು. ಇಂಡೋರ್ ಯೂನಿಟ್‌ನ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಫೋಟೋ ತೆಗೆದು ಕೊಟ್ಟ ಮೇಲೆ ಬಿಡಿಭಾಗದ ನಂಬರ್ ಸಿಕ್ಕಿತು. ಮಾಡೆಲ್ ನಂಬರಿನ ಕೊನೆಯ ಒಂದೆರಡು ಅಕ್ಷರ ಬಿಟ್ಟು ಹೇಳಿದರೆ ಬೇರೆ ವರ್ಷದ ಕಾಯಿಲ್ ಬರುವ ಸಾಧ್ಯತೆ ಇದೆ, ಜಾಗ್ರತೆ. ಕಾಯಿಲ್‌ಗೆ ಸುಮಾರು 8 ಸಾವಿರ. ಕೂಲಿ, ಗ್ಯಾಸ್, ನೈಟ್ರೋಜನ್ ಎಲ್ಲಾ ಸೇರಿ 13 ಸಾವಿರದ ಹತ್ತಿರ ಹೋಯಿತು. ಹೊಸ ಎಸಿಯ ಬೆಲೆಗೆ ಹೋಲಿಸಿದರೆ ಇದು ನಮಗೆ ಸರಿ ಅನ್ನಿಸಿತು. ಕಂಪ್ರೆಸರ್ ಚೆನ್ನಾಗಿತ್ತು, ಅದರ 10 ವರ್ಷದ ವಾರಂಟಿಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಕಾಯಿಲ್ ಮಾತ್ರ ಆ ವಾರಂಟಿಯಲ್ಲಿ ಬರುವುದಿಲ್ಲ. ಈ ಮಾತು ಎಸಿ ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಕಂಪನಿಯ ಕಾಯಿಲ್‌ನ ದೊಡ್ಡ ಲಾಭ ಕೂರಿಸುವಾಗ ಗೊತ್ತಾಯಿತು. ಅದಕ್ಕೆ ಪೈಪಿನ ಬಾಲ, ಫ್ಲೇರ್ ತುದಿ ಎಲ್ಲಾ ಫ್ಯಾಕ್ಟರಿಯಲ್ಲೇ ಬೆಸೆದು ಬಂದಿರುತ್ತದೆ. ಮನೆಯಲ್ಲಿ ಬೆಂಕಿ ಹಚ್ಚಿ ಬೆಸೆಯುವ ಕೆಲಸವೇ ಇಲ್ಲ. ಲೋಕಲ್ ಕಾಯಿಲ್‌ಗೆ ಬಾಲವನ್ನು ಇಲ್ಲಿ ಬೆಸೆಯಬೇಕು. ಆರ್32 ನಿಧಾನವಾಗಿಯಾದರೂ ಬೆಂಕಿ ಹಿಡಿಯುವ ಗ್ಯಾಸ್. ಪೈಪಿನಲ್ಲಿ ಅದು ಉಳಿದಿರುವಾಗ ಬೆಂಕಿ ತೋರಿಸಬಾರದು. ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸದಿದ್ದರೆ ಪೈಪಿನೊಳಗೆ ಕಪ್ಪು ಹಕ್ಕಳೆ ಕಟ್ಟಿ, ಅದು ಮುಂದೆ ಹೋಗಿ ಗ್ಯಾಸ್ ದಾರಿ ಮುಚ್ಚುತ್ತದೆ.

ಮೆಕ್ಯಾನಿಕ್ ಹತ್ತಿರ ಮೂರು ವಿಷಯ ಮೊದಲೇ ಮಾತಾಡಿಕೊಂಡಿದ್ದೆ. ನೈಟ್ರೋಜನ್ ಸುಮಾರು 400 ಪಿಎಸ್ಐ ಒತ್ತಡಕ್ಕೆ ತುಂಬಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದೆಯಾ ಅಂತ ನೋಡಬೇಕು. ಆಮೇಲೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲಾ ಎಳೆದು ವ್ಯಾಕ್ಯೂಮ್ ಮಾಡಬೇಕು, ಅದೂ ಡಿಜಿಟಲ್ ಗೇಜಿನಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿದು, ಪಂಪ್ ನಿಲ್ಲಿಸಿದ ಮೇಲೂ ಏರುತ್ತಾ ಹೋಗಬಾರದು. ಕೊನೆಗೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್ ಮೇಲೆ ಬರೆದಿರುತ್ತದೆ. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗದ ಜತೆ ಪ್ರೆಶರ್ ಏರಿ ಇಳಿಯುವುದರಿಂದ ಬರೀ ಗೇಜ್ ನೋಡಿ ಗ್ಯಾಸ್ ಹಾಕಿದರೆ ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಕೆಲಸ ಎರಡು ದಿನಕ್ಕೆ ಹೋಯಿತು. ಒಂದು ರಾತ್ರಿ ಅತ್ತೆ ಹಾಲ್‌ನಲ್ಲಿ ಮಲಗಿದರು. ಅವಸರ ಮಾಡದೆ ಕೆಲಸ ಮುಗಿಸಿಕೊಟ್ಟ ಆ ಮೆಕ್ಯಾನಿಕ್‌ಗೆ ನಾನು ಇವತ್ತಿಗೂ ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ. ನಾವು ಮೆಚ್ಚುತ್ತಿರುವ ಈ ಕಾಯಿಲ್‌ನಲ್ಲಿ ಅವರ ಪಾಲು ಕಮ್ಮಿ ಇಲ್ಲ.

ಈಗಿನ ಸ್ಥಿತಿ. ಕೋಣೆ 28 ಡಿಗ್ರಿ ಇದ್ದಾಗ ಎಸಿ ಬಾಯಿಯಲ್ಲಿ ಥರ್ಮಾಮೀಟರ್ ಹಿಡಿದರೆ 15, 16 ತೋರಿಸುತ್ತದೆ. ಹಾಕಿಸಿದ ಹೊಸತರಲ್ಲೂ ಹೆಚ್ಚು ಕಡಿಮೆ ಇಷ್ಟೇ ಇತ್ತು. 25ಕ್ಕೆ ಇಟ್ಟರೆ ಸ್ವಲ್ಪ ಹೊತ್ತಿಗೇ ಕಂಪ್ರೆಸರ್ ವೇಗ ಇಳಿಯುತ್ತದೆ. ಮೊನ್ನೆ ಸರ್ವಿಸ್ ಮಾಡಿಸುವಾಗ ಟಾರ್ಚ್ ಹಾಕಿ ಯು-ಬೆಂಡ್ ನೋಡಿದೆ. ಕಪ್ಪಿಲ್ಲ, ಎಣ್ಣೆ ಕಲೆ ಇಲ್ಲ. ಫಿನ್‌ನ ನೀಲಿ ಬಣ್ಣ ಕೆಳಗಿನ ಅಂಚಿನಲ್ಲಿ ಸ್ವಲ್ಪ ಮಾಸಿದೆ.

ತೊಳೆಯುವಾಗ ಬರೀ ನೀರು, ಫಿನ್ ಉದ್ದಕ್ಕೆ ಮಾತ್ರ. ಸ್ಟ್ರಾಂಗ್ ಆಸಿಡ್ ಕ್ಲೀನರ್ ತಂದವರಿಗೆ ಬೇಡ ಅಂತ ಹೇಳುತ್ತೇನೆ, ಅದು ಲೇಪವನ್ನೇ ತಿನ್ನುತ್ತದೆ. ಜೂನ್ ಶುರುವಿನಲ್ಲಿ ಬೂಷ್ಟಿನ ವಾಸನೆ ಬರುತ್ತಿತ್ತು. ಆಫ್ ಮಾಡುವ ಮೊದಲು ಸ್ವಲ್ಪ ಹೊತ್ತು ಬರೀ ಫ್ಯಾನ್ ಓಡಿಸಿ ಕಾಯಿಲ್ ಒಣಗಿಸತೊಡಗಿದ ಮೇಲೆ ಅದೂ ಹೋಯಿತು.

ನನಗೆ ಬೇಸರ ಇರುವುದು ಬಿಡಿಭಾಗದ ವಾರಂಟಿ ಬಗ್ಗೆ. ಕೊಟ್ಟದ್ದು ಮೂರೇ ತಿಂಗಳು. ಇಷ್ಟು ದುಬಾರಿಯ ಭಾಗಕ್ಕೆ ಒಂದು ವರ್ಷವಾದರೂ ಕೊಡಬೇಕಿತ್ತು. ಕನಿಷ್ಠ ಒಂದು ಬೇಸಿಗೆ ದಾಟದೆ ಲೀಕ್ ಇದೆಯೋ ಇಲ್ಲವೋ ಅಂತ ಗ್ರಾಹಕರಿಗೆ ಗೊತ್ತಾಗುವುದು ಹೇಗೆ? ಬಿಲ್‌ನಲ್ಲಿ ಕಾಯಿಲ್‌ನ ಬಿಡಿಭಾಗದ ನಂಬರ್, ಹಾಕಿದ ಗ್ಯಾಸಿನ ತೂಕ ಎರಡನ್ನೂ ಬರೆಸಿಕೊಳ್ಳಿ.

ನಿಮ್ಮ ಎಸಿ ಹಳೆಯ ಆರ್22 ಗ್ಯಾಸಿನದ್ದಾದರೆ ಕಾಯಿಲ್‌ಗೆ ದುಡ್ಡು ಹಾಕಬೇಡಿ. ಆ ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಅಂತ ಹಂತ ಹಂತವಾಗಿ ನಿಲ್ಲುತ್ತಿದೆ. ಆ ಮೆಷಿನ್‌ಗೆ ಆರ್32 ತುಂಬಿಸಿಕೊಡ್ತೇವೆ ಅನ್ನುವವರು ಸಿಕ್ಕರೆ ಒಪ್ಪಲೇಬೇಡಿ. ಆರ್32ರ ಪ್ರೆಶರ್ ತುಂಬಾ ಜಾಸ್ತಿ, ಹಳೆಯ ಪೈಪು ಕಂಪ್ರೆಸರ್ ಅದಕ್ಕೆ ಮಾಡಿದ್ದಲ್ಲ. ಆರ್32 ಅಥವಾ ಆರ್410ಎ ಮೆಷಿನ್ ಇದ್ದು, ಆರೇಳು ವರ್ಷದೊಳಗಿನದ್ದಾಗಿ, ಕಂಪ್ರೆಸರ್ ಗಟ್ಟಿ ಇದ್ದರೆ ಧಾರಾಳವಾಗಿ ಕಂಪನಿಯ ಕಾಯಿಲ್ ಹಾಕಿಸಬಹುದು. ಆರ್ಡರ್ ಮಾಡುವ ಮೊದಲು ಎಸಿಯ ನೀರಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಹಿಡಿದುಕೊಂಡು ಹೋಗಿ ನೋಡಿ.