ಕನ್ನಡ ಇ-ಪೇಪರ್‌ಗಳು: ಚಂದಾ ಕಟ್ಟುವ ಮುನ್ನ

ಇ-ಪೇಪರ್ ಎಂದರೆ ಅಚ್ಚಿನ ಪತ್ರಿಕೆಯ ಪುಟಗಳನ್ನು ಇದ್ದ ಹಾಗೇ ಪರದೆಯಲ್ಲಿ ತೋರಿಸುವ ಪ್ರತಿ. ರಾಜ್ಯದ, ದೇಶದ ಸುದ್ದಿ ಬೇಕಿದ್ದರೆ ಇ-ಪೇಪರ್‌ಗೆ ದುಡ್ಡು ಕೊಡುವುದು ದಂಡ. ಅದೆಲ್ಲ ಪತ್ರಿಕೆಗಳ ಜಾಲತಾಣದಲ್ಲೇ ಸಿಗುತ್ತದೆ. ಊರಿನ ಸುದ್ದಿಯ ಲೆಕ್ಕ ಬೇರೆ. ನಿಧನ ವಾರ್ತೆ, ಕರೆಂಟ್ ತೆಗೆಯುವ ಪ್ರಕಟಣೆ, ಟೆಂಡರ್, ಅಡಿಕೆ ಧಾರಣೆ, ತಾಲ್ಲೂಕು ಮಟ್ಟದ ಸಭೆ ಇಂಥವು ಬಹುಪಾಲು ಅಚ್ಚಿನ ಪುಟ ದಾಟಿ ಬರುವುದಿಲ್ಲ. ಮುಂಬೈ, ದುಬೈಯಲ್ಲಿರುವ ಕರಾವಳಿಯವರು ಉದಯವಾಣಿಯ ಮಣಿಪಾಲ ಆವೃತ್ತಿ ಹುಡುಕಿಕೊಂಡು ಹೋಗುವುದು ಇದಕ್ಕೇ.

ಹಾಗಾಗಿ ಮೊದಲು ನೋಡಬೇಕಾದ್ದು ಆವೃತ್ತಿಗಳ ಪಟ್ಟಿ. ನಿಮ್ಮ ಜಿಲ್ಲೆಯ ಹೆಸರು ಅಲ್ಲಿಲ್ಲದಿದ್ದರೆ ಮಿಕ್ಕಿದ್ದೇನಿದ್ದರೂ ಪ್ರಯೋಜನವಿಲ್ಲ. ದೂರದ ಊರುಗಳಿಗೆ ಹೋಗುವ ಪ್ರತಿ ಬೇಗ ಅಚ್ಚಿಗೆ ಹೋಗುತ್ತದೆ, ತಡರಾತ್ರಿಯ ಸುದ್ದಿ ಅದರಲ್ಲಿ ಇರುವುದಿಲ್ಲ. ಇ-ಪೇಪರ್‌ನಲ್ಲಿ ಜಿಲ್ಲಾ ಪುಟ ನಮ್ಮೂರಿನದನ್ನು ಓದಿ, ಮುಖಪುಟಕ್ಕೆ ನಗರ ಆವೃತ್ತಿಗೆ ಹಾರಬಹುದು. ಮನೆ ಬಾಗಿಲಿಗೆ ಬರುವ ಪೇಪರ್‌ನಲ್ಲಿ ಈ ಅನುಕೂಲ ಇಲ್ಲ.

ಓದುವ ಸುಖ ಪರದೆಯ ಅಗಲಕ್ಕೆ ಬಿಟ್ಟದ್ದು. ದಿನಪತ್ರಿಕೆಯ ಪುಟ ಸುಮಾರು 33 ಸೆಂ.ಮೀ. ಅಗಲ, ಎಂಟು ಕಾಲಂ. ಫೋನಿನ ಅಗಲ 7 ಸೆಂ.ಮೀ. ಇಡೀ ಪುಟ ತೆರೆದರೆ ಅಕ್ಷರ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಲೆಬರಹ ಬಿಟ್ಟು ಬೇರೇನೂ ಕಾಣದು. ಎರಡು ಕಾಲಂ ಹಿಡಿಯುವಷ್ಟು ಹಿಗ್ಗಿಸಿದರೆ ಹೆಚ್ಚುಕಮ್ಮಿ ಅಚ್ಚಿನ ಗಾತ್ರವೇ ಬರುತ್ತದೆ. 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಪುಟದ ಪೂರ್ತಿ ಅಗಲ ಮೂಲ ಗಾತ್ರದಲ್ಲೇ ಕೂರುತ್ತದೆ, ಕೆಳಗೆ ಸರಿಸುತ್ತ ಹೋದರಾಯಿತು. ಪ್ರತಿ ಸಲ ಹಿಗ್ಗಿಸಿದಾಗಲೂ ಪುಟ ಮಸುಕಾಗಿ ನಿಲ್ಲುವ ತಾಣವಾದರೆ ಚಂದಾ ಬೇಡ. ಉಚಿತವಾಗಿ ತೋರಿಸುವ ಮುಖಪುಟದಲ್ಲೇ ಇದನ್ನು ಪರೀಕ್ಷಿಸಿಕೊಳ್ಳಿ.

ದೊಡ್ಡ ಕೊರತೆ ಹುಡುಕಾಟದ್ದು. ಕನ್ನಡ ಪತ್ರಿಕೆಗಳ ಪುಟವಿನ್ಯಾಸದಲ್ಲಿ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟ್‌ಗಳ ಬಳಕೆ ಬಹಳ ಕಾಲದಿಂದ ಇದೆ. ಅಂಥ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಪುಟದಲ್ಲಿ 'ಕನ್ನಡ' ಎಂದಿದ್ದದ್ದು ಇಂಗ್ಲಿಷಿನ 'ಪಿ', ನೆತ್ತಿಯ ಮೇಲೆ ಗೆರೆಯಿರುವ 'ಎ', ಪೌಂಡ್ ಚಿಹ್ನೆ ಹೀಗೆ ಉದುರುತ್ತದೆ. ಊರಿನ ಹೆಸರು ಟೈಪಿಸಿ ಹುಡುಕಿದರೆ ಏನೂ ಸಿಗದಿರುವುದು ಇದಕ್ಕೇ. ಅದು ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟ್ ಆಗಿದ್ದರೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ. ಪುಟ ಬರೀ ಚಿತ್ರವಾಗಿದ್ದರೆ ಗೂಗಲ್ ಲೆನ್ಸ್ ಕನ್ನಡ ಓದುತ್ತದೆ. ಒಂದೊಂದೇ ಕಾಲಂ ಕತ್ತರಿಸಿ ಕೊಡಿ, ಇಡೀ ಪುಟ ಕೊಟ್ಟರೆ ಪಕ್ಕದ ಕಾಲಂನ ಸಾಲು ಬಂದು ಬೆರೆಯುತ್ತದೆ.

ಕ್ಲಿಪ್ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಸಾಕು, ದಾಖಲೆಗೆ ಸಾಲದು. ಕತ್ತರಿಸಿದ ತುಣುಕಿನಲ್ಲಿ ಪುಟದ ನೆತ್ತಿಯ ದಿನಾಂಕ, ಆವೃತ್ತಿ ಬಿಟ್ಟುಹೋಗುವುದುಂಟು. ಹೆಸರು ಬದಲಾವಣೆ, ಕಳೆದುಹೋದ ಪತ್ರದ ಜಾಹೀರಾತಾದರೆ ಪೂರ್ಣ ಪುಟ ಇಳಿಸಿಕೊಳ್ಳಿ. ಜೊತೆಗೆ ಅಚ್ಚಿನ ಒಂದು ಪ್ರತಿಯನ್ನೂ ತೆಗೆದಿಡಿ. ಹಳೆಯ ಸಂಚಿಕೆ ಎಷ್ಟು ದಿನ ಉಳಿಯುತ್ತದೆಂಬುದನ್ನು ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ತಿಳಿಯುತ್ತದೆ. ಇಡೀ ಪಿಡಿಎಫ್ ಗುಂಪುಗಳಿಗೆ ಹಂಚುವ ಚಾಳಿ ಮಾತ್ರ ಬೇಡ: ಹಿಂದಿ ದಿನಪತ್ರಿಕೆ ದೈನಿಕ್ ಜಾಗರಣ್ ಇದೇ ವಿಷಯಕ್ಕೆ 2020ರಲ್ಲಿ ಟೆಲಿಗ್ರಾಂ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿ ಆದೇಶ ತಂದಿತ್ತು.

ನನ್ನ ಮಟ್ಟಿಗೆ ಇ-ಪೇಪರ್‌ನಿಂದ ಹೆಚ್ಚು ಲಾಭ ಸಣ್ಣ ಪತ್ರಿಕೆಗಳಿಗೇ. ಮೈಸೂರಿನ ಸಂಸ್ಕೃತ ದಿನಪತ್ರಿಕೆ ಸುಧರ್ಮಾ 1970ರಲ್ಲಿ ಶುರುವಾಗಿ ಅಂಚೆಯಲ್ಲೇ ಊರೂರು ತಲುಪುತ್ತಿತ್ತು. 2009ರಲ್ಲಿ ಇ-ಪೇಪರ್ ಬಂದ ಮೇಲೆ ಹೊರದೇಶದ ಓದುಗನಿಗೂ ಅಂದಿನ ಸಂಚಿಕೆ ಅಂದೇ ಸಿಗುವಂತಾಯಿತು.

ಕೊನೆಗೆ, ವಾರ್ಷಿಕ ಚಂದಾದ ರಿಯಾಯಿತಿಗೆ ಮರುಳಾಗದೆ ಒಂದು ತಿಂಗಳಿಗೆ ಮಾತ್ರ ಕಟ್ಟಿ ನೋಡಿ. ಆಟೊಪೇ ಒಪ್ಪಿದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ದುಡ್ಡು ಕಡಿತ ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಬೇಕು.