ಬಣ್ಣ ಕೆರೆಯದೆ ಬಿರುಕು ಹುಡುಕುವುದು: ಎಡ್ಡಿ ಕರೆಂಟ್ ಮತ್ತು ಯೋಕ್

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ತಪಾಸಣಾ ಘಟಕ ನಡೆಸುವ ನಾನು ಹನ್ನೆರಡು ವರ್ಷ ಕಾಂತೀಯ ಕಣ ಪರೀಕ್ಷೆಯ ಯೋಕ್ (ಬೆಸುಗೆಯನ್ನು ಕಾಂತಗೊಳಿಸಿ, ಕಬ್ಬಿಣದ ಕಣಗಳು ಬಿರುಕಿನ ಮೇಲೆ ಕೂಡುವಂತೆ ಮಾಡುವ ಕೈಹಿಡಿ ವಿದ್ಯುತ್ಕಾಂತ) ಹಿಡಿದೇ ದುಡಿದವನು. ಎರಡು ವರ್ಷಗಳ ಹಿಂದೆ ಎಡ್ಡಿ ಕರೆಂಟ್ (ಸುರುಳಿಯಿಂದ ಲೋಹದಲ್ಲಿ ಸುಳಿ ಪ್ರವಾಹ ಹುಟ್ಟಿಸಿ, ಬಿರುಕಿನಿಂದ ಅದರಲ್ಲಾಗುವ ಬದಲಾವಣೆಯನ್ನು ತೆರೆಯ ಮೇಲಿನ ಚುಕ್ಕೆಯ ಚಲನೆಯಾಗಿ ತೋರಿಸುವ) ಯಂತ್ರ ಕೊಂಡ ಮೇಲೆ ಯೋಕ್ ಎರಡನೆಯ ಸ್ಥಾನಕ್ಕೆ ಇಳಿದಿದೆ. ನಮ್ಮ ಜಿಲ್ಲೆಯ ಮೂಲಕ ಹಾದುಹೋಗುವ ದಾಭೋಳ–ಬೆಂಗಳೂರು ಅನಿಲ ಮಾರ್ಗದಂತಹ ಹೂತಿಟ್ಟ ದೊಡ್ಡ ಕೊಳವೆಗಳನ್ನು ಒಳಗಿನಿಂದಲೇ ಪರೀಕ್ಷಿಸಲು ಪಿಗ್ ಎಂಬ ಉಪಕರಣಗಳಿವೆ. ನನ್ನ ಪಾಲಿಗೆ ಬರುವುದು ನೆಲದ ಮೇಲಿರುವ, ಬಣ್ಣ ಬಳಿದ, ಆರೆಂಟು ಇಂಚಿನ ಕಾರ್ಬನ್ ಸ್ಟೀಲ್ ಕೊಳವೆಗಳ ಬೆಸುಗೆ.

ಈ ಬಣ್ಣವೇ ನನ್ನ ಆಯ್ಕೆಗೆ ಮೂಲ ಕಾರಣ. ಯೋಕ್ ಬಳಸಬೇಕಾದರೆ ಬೆಸುಗೆಯ ಮೇಲಿನ ದಪ್ಪ ಬಣ್ಣವನ್ನು ಕೆರೆದು, ಬಿಳಿ ಲೇಪ ಸಿಂಪಡಿಸಿ, ಕಬ್ಬಿಣದ ಕಣಗಳಿರುವ ಕಪ್ಪು ದ್ರಾವಣ ಹಾಕಿ, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒರೆಸಿ ಮತ್ತೆ ಬಣ್ಣ ಬಳಿಯಬೇಕು. ನಲವತ್ತು ಬೆಸುಗೆಗಳಿಗೆ ನಮ್ಮ ಮೂವರಿಗೆ ಎರಡು ದಿನ ಹಿಡಿಯುತ್ತಿತ್ತು, ಮಳೆಗಾಲದಲ್ಲಿ ಮೂರು. ಬೆಸುಗೆಗೆಂದೇ ಮಾಡಿದ ಎಡ್ಡಿ ಕರೆಂಟ್ ಪ್ರೋಬ್ (ಸುರುಳಿಯಿರುವ, ಕೈಯಲ್ಲಿ ಹಿಡಿದು ಓಡಿಸುವ ತುದಿ) ಸುಮಾರು 2 ಮಿ.ಮೀ. ದಪ್ಪದ ಲೇಪದ ಮೇಲಿನಿಂದಲೂ ಮೇಲ್ಮೈ ಬಿರುಕನ್ನು ಹಿಡಿಯಬಲ್ಲದಾದ್ದರಿಂದ ಅಷ್ಟೇ ಕೆಲಸ ಈಗ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯುತ್ತದೆ.

ಆದರೆ ಮೊದಲ ಮೂರು ವಾರ ನಾನು ಪಟ್ಟ ಪಾಡನ್ನು ಹೇಳಲೇಬೇಕು. ಮಾರಾಟಗಾರರು ಯಂತ್ರದ ಜೊತೆ ಕಳಿಸಿದ, ಅಳತೆ ಗೊತ್ತಿರುವ ಗೀರುಗಳ ಮೇಲೆ ಯಂತ್ರವನ್ನು ಹೊಂದಿಸಿಕೊಳ್ಳುವ ಮಾದರಿ ತುಂಡು ಅಲ್ಯೂಮಿನಿಯಂನದಾಗಿತ್ತು. ಬೆಳಗಾವಿಯವನು ಎಂದ ಮಾತ್ರಕ್ಕೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವವನೇ ಇರಬೇಕೆಂದು ಅವರು ಭಾವಿಸಿದ್ದರೋ ಏನೋ! ಪ್ರೋಬನ್ನು ಅಲ್ಯೂಮಿನಿಯಂ ಮೇಲಿಟ್ಟಾಗ ತೆರೆಯ ಮೇಲಿನ ಚುಕ್ಕೆ ಒಂದು ಕಡೆ ಸರಿದರೆ, ಕಾಂತೀಯ ಗುಣವುಳ್ಳ ಉಕ್ಕಿನ ಮೇಲಿಟ್ಟಾಗ ಬೇರೆಯದೇ ದಿಕ್ಕಿಗೆ ಹೋಗುತ್ತದೆ. ಹೀಗಾಗಿ ಆ ತುಂಡಿನ ಮೇಲೆ ನಾನು ಶ್ರದ್ಧೆಯಿಂದ ಹೊಂದಿಸಿದ ಚುಕ್ಕೆಯ ಕೋನ, ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಎಲ್ಲವೂ ಕೊಳವೆಯ ಬಳಿ ನಿರುಪಯುಕ್ತವಾದವು. ಬಿರುಕಿಲ್ಲದ ಕಡೆ ಚುಕ್ಕೆ ಎದ್ದು ನಿಲ್ಲುತ್ತಿತ್ತು. ಪ್ರೋಬ್ ಕೊಂಚ ಓರೆಯಾದರೂ ಬಿರುಕಿನಂತೆಯೇ ತೋರುತ್ತಿತ್ತು. ಬೇರೆ ತುಂಡು ಕೇಳಿದರೆ ಎಂಟು ವಾರ ಕಾಯಿರೆಂದರು.

ಕೊನೆಗೆ ಅದೇ ದರ್ಜೆಯ ಕೊಳವೆಯ ಚೂರೊಂದನ್ನು ಹಿಂದಿನ ಬೀದಿಯಲ್ಲಿ ತೆಳು ತಂತಿಯ ಕಿಡಿಯಿಂದ ಲೋಹ ಕತ್ತರಿಸುವ ವೈರ್‌ಕಟ್ ಅಂಗಡಿಗೆ ಒಯ್ದು, 0.5, 1 ಮತ್ತು 2 ಮಿ.ಮೀ. ಆಳದ ಮೂರು ಗೀರು ಹಾಕಿಸಿಕೊಂಡೆ. ಬಣ್ಣದ ದಪ್ಪಕ್ಕೆ ಸಮನಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲಿಟ್ಟು, 100 ಕಿಲೋಹರ್ಟ್ಸ್ ಆವರ್ತನದಲ್ಲಿ, ಪ್ರೋಬ್ ಎತ್ತಿದರೆ ಚುಕ್ಕೆ ಅಡ್ಡಕ್ಕೂ ಗೀರು ದಾಟಿದರೆ ಮೇಲಕ್ಕೂ ಚಲಿಸುವಂತೆ ಹೊಂದಿಸಿದ ದಿನವೇ ಯಂತ್ರ ನನ್ನ ಮಾತು ಕೇಳತೊಡಗಿತು. ಇನ್ನೊಂದು ತೊಡಕೂ ಆಗಲೇ ತಿಳಿಯಿತು: ಹೋಲಿಕೆಗೆಂದು ಮೊದಲು ಡಿ.ಸಿ. ಯೋಕ್ ಹಿಡಿದ ಬೆಸುಗೆಗಳಲ್ಲಿ ಕಾಂತತ್ವ ಉಳಿದು ಎಡ್ಡಿ ಕರೆಂಟಿನ ಸಂಕೇತ ಕದಡುತ್ತಿತ್ತು. ಆದ್ದರಿಂದ ಎರಡನ್ನೂ ಮಾಡುವುದಿದ್ದರೆ ಎಡ್ಡಿ ಕರೆಂಟ್ ಮೊದಲು, ಯೋಕ್ ಆಮೇಲೆ.

ಯೋಕ್‌ನ ಹಿರಿಮೆಯನ್ನು ಅಲ್ಲಗಳೆಯಲಾರೆ. ಬಿರುಕಿನ ಗೆರೆಯನ್ನು ಗಿರಾಕಿಯ ಎಂಜಿನಿಯರ್ ಕಣ್ಣಾರೆ ನೋಡುತ್ತಾರೆ. ತೆರೆಯ ಮೇಲಿನ ಚುಕ್ಕೆಯನ್ನು ಅವರಿಗೆ ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ದಿನದ ಆರಂಭದಲ್ಲಿ ಎ.ಸಿ. ಯೋಕ್ 4.5 ಕೆ.ಜಿ. ತೂಕ ಎತ್ತಿತೆಂದರೆ ಅದರ ತಪಾಸಣೆ ಮುಗಿಯಿತು. ಬೆಲೆಯಂತೂ ಹೋಲಿಸುವಂತೆಯೇ ಇಲ್ಲ.

ಹಲವು ಸುರುಳಿಗಳ ಅರೇ ಪ್ರೋಬನ್ನು ಎರಡು ದಿನ ಬಾಡಿಗೆಗೆ ತಂದು ನೋಡಿದೆ. ಒಂದೇ ಎಳೆತಕ್ಕೆ ಅಗಲವಾದ ಪಟ್ಟಿಯ ಬಣ್ಣದ ಚಿತ್ರ ಮೂಡಿಸುವ ಅದು ಸೊಗಸಾಗಿದೆ, ಆದರೆ ತಿಂಗಳಿಗೆ ನಾಲ್ಕೈದು ಕೆಲಸವಿರುವ ನನ್ನಂಥವನ ಕೈಗೆ ಎಟುಕುವಂಥದ್ದಲ್ಲ. ಕೊಳವೆಯ ಒಳಗೋಡೆಯ ಸವೆತಕ್ಕೆ ಎಡ್ಡಿ ಕರೆಂಟ್, ಯೋಕ್ ಎರಡನ್ನೂ ನಂಬಬೇಡಿ: 100 ಕಿಲೋಹರ್ಟ್ಸ್ ಆವರ್ತನದಲ್ಲಿ ಕಾರ್ಬನ್ ಸ್ಟೀಲಿನೊಳಗೆ ಸುಳಿ ಪ್ರವಾಹ ಇಳಿಯುವ ಆಳ 0.1 ಮಿ.ಮೀ.ಗಿಂತಲೂ ಕಡಿಮೆ. ಅದಕ್ಕೆ ಅಲ್ಟ್ರಾಸಾನಿಕ್ ದಪ್ಪಮಾಪಕವೇ ಬೇಕು.

ಈಗ ನಾನು ಎಲ್ಲ ಬೆಸುಗೆಗಳ ಮೇಲೂ ಮೊದಲು ಎಡ್ಡಿ ಕರೆಂಟ್ ಪ್ರೋಬ್ ಓಡಿಸಿ, ಸಂಶಯ ಬಂದ ಎರಡೋ ಮೂರೋ ಕಡೆ ಮಾತ್ರ ಬಣ್ಣ ಕೆರೆದು ಯೋಕ್ ಹಿಡಿಯುತ್ತೇನೆ. ಬಣ್ಣವೇ ಇಲ್ಲದ ಹೊಸ ಕೊಳವೆಗಳ ಕೆಲಸವೇ ನಿಮಗೆ ಹೆಚ್ಚಾಗಿದ್ದರೆ ಯೋಕ್ ಒಂದೇ ಸಾಕು. ಎಡ್ಡಿ ಕರೆಂಟ್ ಕೊಳ್ಳುವುದೇ ಆದರೆ, ಮಾದರಿ ತುಂಡು ಯಾವ ಲೋಹದ್ದೆಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.