ಮಂಗಳೂರಿನ ಭೂಕಂಪ ಲೆಕ್ಕಕ್ಕೆ ಯಾವ ಪಟ್ಟಿ ಆಗ್ತದೆ? ನಾಲ್ಕನ್ನೂ ಹಿಡಿದು ನೋಡಿದೆ

ಮಂಗಳೂರಲ್ಲಿ ಎಂತ ಭೂಕಂಪ ಮಾರ್ರೆ ಅಂತ ನಗಾಡುವವರೇ ಜಾಸ್ತಿ. ಆದ್ರೆ ಕಟ್ಟಡಗಳ 2002ರ ಭೂಕಂಪ ಕೋಡಲ್ಲಿ ನಾವಿರೋದು ಝೋನ್ 3ರಲ್ಲಿ, ಅಂದ್ರೆ ಮಧ್ಯಮ ಅಪಾಯದ ವಲಯ, 2022 ಜೂನಲ್ಲಿ ಕೊಡಗಿನ ಗಡಿಯ ಸಂಪಾಜೆ ಕಡೆ ನೆಲ ಅಲ್ಲಾಡಿದ್ದು ನೆನಪುಂಟಲ್ಲ. ನನ್ನ ಪ್ರಾಜೆಕ್ಟಿಗೆ ಹಂಪನಕಟ್ಟೆಯನ್ನು ನಡುವೆ ಇಟ್ಟು 300 ಕಿಮೀ ಸುತ್ತ ಆದದ್ದೆಲ್ಲ ಒಟ್ಟು ಮಾಡ್ಬೇಕಿತ್ತು, ಹಾಗೆ ಭೂಕಂಪ ದಾಖಲೆಯ ಈ ನಾಲ್ಕು ಪಟ್ಟಿಗಳ ಸಹವಾಸ ಆಯ್ತು.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಪಟ್ಟಿ ಸುಲಭ ಅಂದ್ರೆ ಸುಲಭ, ಅಕ್ಷಾಂಶ ರೇಖಾಂಶ ಹಾಕಿ ಒತ್ತಿದ್ರೆ ಎಕ್ಸೆಲ್ಲಲ್ಲಿ ತೆರೆಯುವ ಫೈಲ್ ಬರ್ತದೆ. ಆದ್ರೆ ಸಂಪಾಜೆದು ಹುಡುಕಿದ್ರೆ ಇಲ್ಲ, ಮ್ಯಾಗ್ನಿಟ್ಯೂಡ್ (ಭೂಕಂಪದ ಗಾತ್ರ) 3ರ ಆಸುಪಾಸಿನದ್ದೆಲ್ಲ ಅಲ್ಲಿ ಸಿಗೋದಿಲ್ಲ. ಆಳದ ಕಾಲಮ್ ನೋಡಿ, 10, 10, 33, 10. ಹೆಚ್ಚಿನದ್ದೆಲ್ಲ ಒಂದೇ ಆಳದಲ್ಲಿ ಆಗ್ತಾ ಉಂಟಲ್ಲ ಅಂತ ಖುಷಿಯಲ್ಲಿ ಗ್ರಾಫ್ ಕೂಡ ಮಾಡಿದ್ದೆ ನಾನು! ಆಳ ಸರಿಯಾಗಿ ಸಿಗದಿದ್ರೆ ಅವರು ಇಡುವ ನಂಬರ್ ಅದು, ಅಳತೆ ಅಲ್ಲ.

ಸಂಪಾಜೆದು ಬೇಕಾದ್ರೆ ನಮ್ಮ ದೇಶದ ಭೂಕಂಪ ಕೇಂದ್ರ ಎನ್‌ಸಿಎಸ್ಸೇ ಗತಿ, ಸಣ್ಣದೆಲ್ಲ ಅಲ್ಲೇ ಇರೋದು. ಟೈಮ್ ಮಾತ್ರ ಐಎಸ್‌ಟಿ, ಅಂದ್ರೆ ನಮ್ಮ ಗಡಿಯಾರದ್ದು, ಯುಎಸ್‌ಜಿಎಸ್‌ನಂಥವರದ್ದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ, ಅಲ್ಲೇ ನಾನು ಬಿದ್ದದ್ದು. ಬಿ-ವ್ಯಾಲ್ಯೂ (ದೊಡ್ಡದಕ್ಕೆ ಹೋಲಿಸಿದ್ರೆ ಸಣ್ಣ ಭೂಕಂಪ ಎಷ್ಟು ಅಂತ ಹೇಳುವ ನಂಬರ್) ನೋಡ್ಲಿಕ್ಕೆ ಅಂತ ಇಡೀ ದಕ್ಷಿಣ ಭಾರತ, ಮಹಾರಾಷ್ಟ್ರದ್ದೂ ಸೇರಿಸಿದ್ದೆ, ಕಿಲ್ಲಾರಿ ಭೂಕಂಪ ನಮ್ಮ ಲೆಕ್ಕದಲ್ಲಿ 1993 ಸೆಪ್ಟೆಂಬರ್ 30 ಬೆಳಗಿನ ಜಾವ 3:55, ಯುಟಿಸಿಯಲ್ಲಿ ಹಿಂದಿನ ದಿನ 29 ರಾತ್ರಿ 10:25, 1967ರ ಕೊಯ್ನಾದ್ದೂ ಹಾಗೇ, ಡಿಸೆಂಬರ್ 10 ಮತ್ತೆ 11. ತಾರೀಕು ಬೇರೆ ಅಂತ ಎರಡೂ ಎರಡೆರಡು ಸಲ ಲೆಕ್ಕಕ್ಕೆ ಬಂದವು, ದೊಡ್ಡದು ಜಾಸ್ತಿಯಾಗಿ ಬಿ-ವ್ಯಾಲ್ಯೂ ಕೆಳಗೆ ಇಳಿದು ಕೂತಿತ್ತು, ಎರಡು ದಿನ ಫಾರ್ಮುಲಾಕ್ಕೆ ಬೈದೆ.

ಎಲ್ಲ ದೇಶಗಳ ದಾಖಲೆ ಒಟ್ಟು ಮಾಡುವ ಅಂತರರಾಷ್ಟ್ರೀಯ ಕೇಂದ್ರ ಐಎಸ್‌ಸಿಯ ಬುಲೆಟಿನ್ ತಲೆನೋವು, ಒಂದೇ ಭೂಕಂಪಕ್ಕೆ ನಾಲ್ಕೈದು ಸಂಸ್ಥೆಗಳ ಮ್ಯಾಗ್ನಿಟ್ಯೂಡ್, ಒಬ್ಬರದ್ದು ಎಂಬಿ, ಇನ್ನೊಬ್ಬರದ್ದು ಎಂಎಲ್, ಅಂದ್ರೆ ಬೇರೆ ಬೇರೆ ಅಳತೆಗೋಲು, ಎಲ್ಲ ಎಂಡಬ್ಲ್ಯೂ ಅನ್ನುವ ಒಂದೇ ಅಳತೆಗೆ ತರ್ಬೇಕು. ಪರಿಶೀಲನೆ ಮುಗಿದದ್ದು ಸುಮಾರು ಎರಡು ವರ್ಷ ಹಿಂದಿನವರೆಗೆ ಮಾತ್ರ. ಆದ್ರೂ ನಾನು ಬುಡಕ್ಕೆ ಇಟ್ಟುಕೊಂಡದ್ದು ಇದನ್ನೇ, ಯಾರು ಎಂತ ಹೇಳಿದ್ದು ಅಂತ ಕಣ್ಣೆದುರು ಇರ್ತದೆ. ಸಣ್ಣದಕ್ಕೆ ಎನ್‌ಸಿಎಸ್ ಸೇರಿಸ್ತೇನೆ, ಯುಎಸ್‌ಜಿಎಸ್ ತಾಳೆ ನೋಡ್ಲಿಕ್ಕೆ ಸಾಕು.

ಹಳೇದಕ್ಕೆ ಭೂವಿಜ್ಞಾನಿ ಥಾಮಸ್ ಓಲ್ಡಮ್ ಮಾಡಿದ ಪಟ್ಟಿ, ಪ್ರಿಂಟ್ ಆದದ್ದು 1883ರಲ್ಲಿ, ನಿಲ್ಲೋದು 1869ಕ್ಕೆ. ಮ್ಯಾಗ್ನಿಟ್ಯೂಡ್ ಅಂತೂ ಇಲ್ಲ, ಎಲ್ಲಿ ಅಲ್ಲಾಡಿತು, ಎಂತ ಬಿತ್ತು ಅಂತ ಓದಿ ನಾವೇ ಅಂದಾಜು ಮಾಡ್ಬೇಕು. ನಿಧಾನ, ಆದ್ರೆ ನಂಗೆ ಇಷ್ಟ ಆದದ್ದು ಇದೇ, 1843ರ ಬಳ್ಳಾರಿದು ಬೇರೆಲ್ಲಿಂದ ತರ್ತೀರಿ? 1900ರ ಕೊಯಮತ್ತೂರಿದ್ದು ಮಾತ್ರ ಬೇರೆ ಕಡೆಯಿಂದ ಸೇರಿಸಿದೆ, ಸುಮಾರು 6ರದ್ದು ಅದು.

ಎಲ್ಲ ಆದ ಮೇಲೆ ಮ್ಯಾಪಲ್ಲಿ ಚುಕ್ಕೆ ಇಟ್ಟು ನೋಡಿದ್ರೆ ಕೊಯಮತ್ತೂರು 310 ಕಿಮೀ ಹತ್ತಿರ, ಬಳ್ಳಾರಿ 330 ದಾಟ್ತದೆ. ಎರಡೂ ನನ್ನ 300ರ ಗೆರೆಯಿಂದ ಆಚೆ! ಹತ್ತು ಕಿಮೀಗೋಸ್ಕರ ಇಷ್ಟು ದೊಡ್ಡದನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಈಗ 350 ಮಾಡಿ ಮೊದಲಿಂದ ಪುನಃ ಡೌನ್‌ಲೋಡ್ ಮಾಡ್ತಾ ಇದ್ದೇನೆ.